ಹಿತ್ತಲಲ್ಲಿ ಸಿಕ್ಕಿದ್ದು ನೆಲದೊಳಗಿನ ಗುಡಿಯೇ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಹುನಗುಂದ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಗಿದೆ. ಐಹೊಳೆ ದೂರವಲ್ಲ. ಮನೆಯ ಹಿತ್ತಲಲ್ಲಿ ಶೌಚಾಲಯದ ಗುಂಡಿ ತೆಗೆಸುವಾಗ ಎದೆಮಟ್ಟದ ಆಳದಲ್ಲಿ ಚಪ್ಪಡಿ ಕಲ್ಲು ಹತ್ತಿತು. ಒಂದು ಕಡೆ ಮಣ್ಣು ಕುಸಿದು ಕಿಂಡಿ ಬಿತ್ತು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಒಂದು ಕಂಬದ ತಲೆ ಕಾಣುತ್ತದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಎರಡು ಆನೆ, ನಡುವೆ ಕೂತ ದೇವಿ ಇದ್ದಾಳೆ. ಫೋಟೊ ಕಳಿಸಿದ್ದೇನೆ. ಇದು ನೆಲದೊಳಗೆ ಕಟ್ಟಿದ ಗುಪ್ತ ಗುಡಿ, ಇಲ್ಲಿಂದ ಬಾದಾಮಿಗೆ ಸುರಂಗ ಇದೆ ಅಂತ ಹಿರಿಯರು ಹೇಳುತ್ತಾರೆ. ಹುಡುಗರು ಜೆಸಿಬಿ ತರಿಸೋಣ ಅಂತಾರೆ. ಅತ್ತೆಯವರಿಗೆ ಪೂಜೆ ಶುರು ಮಾಡಬೇಕೆಂಬ ಆಸೆ. ನಮ್ಮ ಯಜಮಾನರಿಗೆ ಸರ್ಕಾರ ಮನೆ ಕಿತ್ತುಕೊಳ್ಳುತ್ತದೆ ಎಂಬ ಭಯ. ರೋಮ್‌ನಲ್ಲೂ ಹೀಗೇ ನೆಲದಡಿ ದೇವಸ್ಥಾನ ಸಿಕ್ಕಿತ್ತಂತೆ, ಮಗಳು ಓದಿ ಹೇಳಿದಳು. ಹಿಂದಿನವರು ನಿಜಕ್ಕೂ ನೆಲದೊಳಗೆ ಗುಡಿ ಕಟ್ಟುತ್ತಿದ್ದರಾ? ಇದು ಎಷ್ಟು ಹಳೆಯದು? ಈಗ ನಾವು ಏನು ಮಾಡಬೇಕು?

ಉತ್ತರ: ಅಕ್ಕಾರೇ, ಮೊದಲು ಜೆಸಿಬಿ ಬೇಡ ಎಂದು ಹುಡುಗರಿಗೆ ಹೇಳಿಬಿಡಿ. ಉಳಿದದ್ದೆಲ್ಲ ಆಮೇಲೆ. ಅದರ ಬಕೆಟ್ಟಿನ ಒಂದು ಹಲ್ಲು ತಾಗಿದರೆ ಸಾಕು, ಇಷ್ಟು ಕಾಲ ಮಣ್ಣೊಳಗೆ ಸುರಕ್ಷಿತವಾಗಿದ್ದ ಕಲ್ಲು ಎರಡು ತುಂಡಾಗುತ್ತದೆ. ಕಿಂಡಿಯೊಳಗೆ ಯಾರೂ ಇಳಿಯುವುದೂ ಬೇಡ. ಅದಕ್ಕೆ ಕಾರಣ ಬೇರೆ, ಮುಂದೆ ಹೇಳುತ್ತೇನೆ.

ಈಗ ನಿಮ್ಮ ಫೋಟೊಗಳಿಗೆ ಬರೋಣ. ನಿಮ್ಮೂರಲ್ಲಿ ಎಲ್ಲರ ಕಣ್ಣು ಆ ಆನೆಗಳ ಮೇಲೆ ಇದ್ದ ಹಾಗಿದೆ. ನನ್ನ ಕಣ್ಣು ನಿಂತದ್ದು ಮೂರನೇ ಫೋಟೊದ ಮೂಲೆಯಲ್ಲಿ. ಗುಂಡಿಯ ತಳದಲ್ಲಿ ಎರಡು ಚಪ್ಪಡಿಗಳು ಅಕ್ಕಪಕ್ಕ ಇವೆ. ಅವೆರಡೂ ಕೂಡುವ ಸಂದಿನ ಮೇಲೆ ಉದ್ದನೆಯ, ಕಿರಿದಾದ ಒಂದು ಕಲ್ಲು ಮಲಗಿದೆ. ಗುಂಡಿ ತೋಡಿದವರು ಅದನ್ನು ಬಿದ್ದ ಕಂಬ ಅಂದುಕೊಂಡಿರಬಹುದು. ಬಿದ್ದ ಕಂಬ ಅಷ್ಟು ನೇರವಾಗಿ, ಸರಿಯಾಗಿ ಸಂದಿನ ಮೇಲೆಯೇ ಬಂದು ಕೂರುವುದಿಲ್ಲ. ಮಳೆನೀರು ಸಂದಿಯೊಳಗೆ ಇಳಿಯಬಾರದು ಎಂದು ಇಟ್ಟ ಪಟ್ಟಿ ಅದು. ಚಪ್ಪಡಿಗಳು ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿರುವುದನ್ನೂ ನೋಡಿ. ನೀರು ಹರಿದು ಹೋಗಲಿ ಎಂದೇ ಹಾಗೆ ಹಾಸಿದ್ದಾರೆ.

ನೀವು ಐಹೊಳೆಗೆ ಎಷ್ಟೋ ಸಲ ಹೋಗಿರುತ್ತೀರಿ. ಮುಂದಿನ ಸಲ ಲಾಡ್‌ಖಾನ್ ಗುಡಿಯ ಮುಂದೆ ನಿಂತು ಕಂಬಗಳನ್ನು ಬಿಟ್ಟು ಮಾಳಿಗೆ, ಅಂದರೆ ಚಾವಣಿಯ ಮೇಲ್ಭಾಗ ನೋಡಿ. ಇಳಿಜಾರು ಚಪ್ಪಡಿಗಳು, ಪ್ರತಿ ಸಂದಿನ ಮೇಲೂ ಮರದ ದಿಮ್ಮಿಯಂತೆ ಕಾಣುವ ಕಲ್ಲಿನ ಪಟ್ಟಿ. ಮರದ ಮನೆ ಕಟ್ಟುತ್ತಿದ್ದ ರೂಢಿಯನ್ನು ಕಲ್ಲುಕುಟಿಗರು ಹಾಗೇ ಕಲ್ಲಿಗೆ ತಂದಿದ್ದಾರೆ ಎಂದು ತಿಳಿದವರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ನೆಲದೊಳಗೆ ಕಟ್ಟುವ ಕೋಣೆಗೆ ಮಳೆಪಟ್ಟಿ ಯಾಕೆ ಬೇಕು ಹೇಳಿ? ಇಳಿಜಾರು ಯಾಕೆ? ಮೇಲೆ ಮಣ್ಣು ಹಾಕಿ ಮುಚ್ಚುವುದಾದರೆ ಅಷ್ಟು ಕಷ್ಟಪಟ್ಟು ಸಂದಿ ಮುಚ್ಚುವವರು ಯಾರೂ ಇಲ್ಲ. ಹಾಗಾಗಿ ನಿಮ್ಮ ಹಿರಿಯರ ಮಾತಿಗೆ ನನ್ನ ಉತ್ತರ ಇಷ್ಟೇ: ಅದು ನೆಲದೊಳಗೆ ಕಟ್ಟಿದ ಗುಡಿಯಲ್ಲ. ಬಿಸಿಲು, ಮಳೆ ಕಂಡ, ನೆಲದ ಮೇಲೆ ನಿಂತಿದ್ದ ಗುಡಿ. ಅದು ಕೆಳಗೆ ಹೋಗಿಲ್ಲ, ನೆಲವೇ ಮೇಲೆ ಬಂದಿದೆ. ನಿಮ್ಮ ಗುಂಡಿ ತೋಡುವ ಆಳುಗಳು ನಿಂತದ್ದು ಗುಡಿಯ ಮಾಳಿಗೆಯ ಮೇಲೆ.

ನೆಲ ಹೇಗೆ ಮೇಲೆ ಬರುತ್ತದೆ ಅಂತ ಕೇಳುತ್ತೀರಿ. ನಿಮ್ಮ ಓಣಿಯಲ್ಲೇ ನೋಡಿ. ಸಿಸಿ ರಸ್ತೆ ಒಂದು ಸಲ ಆಯಿತು, ಅದರ ಮೇಲೆ ಇನ್ನೊಂದು ಸಲ ಆಯಿತು. ಈಗ ಹಳೇ ಮನೆಗಳಿಗೆ ರಸ್ತೆಯಿಂದ ಒಂದು ಮೆಟ್ಟಿಲು ಇಳಿದು ಹೋಗಬೇಕು, ಅಲ್ವಾ? ಆ ಮನೆ ಕಟ್ಟಿದವರು ತಗ್ಗಿನಲ್ಲಿ ಕಟ್ಟಿರಲಿಲ್ಲ. ಇದು ಕೆಲವೇ ವರ್ಷಗಳ ಲೆಕ್ಕ. ಇನ್ನು ನೂರಾರು ವರ್ಷಗಳ ಲೆಕ್ಕ ಹಾಕಿ. ನಮ್ಮ ಕಡೆಯ ಮನೆ ಅಂದರೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಇನ್ನೊಂದು ಪದರ ಮಣ್ಣು. ಅಂಥ ಮನೆ ಒಂದು ದಿನ ಕುಸಿದರೆ ಆ ಮಣ್ಣನ್ನು ಯಾರೂ ಊರಾಚೆ ಹೊತ್ತು ಹಾಕುವುದಿಲ್ಲ. ಅಲ್ಲೇ ಸಮ ಮಾಡಿ, ಅದರ ಮೇಲೇ ಹೊಸ ಮನೆ ಏಳುತ್ತದೆ. ಒಲೆಯ ಬೂದಿ, ಒಡೆದ ಗಡಿಗೆ, ಸಗಣಿ, ಕಣಿಕೆ ಎಲ್ಲವೂ ಅಲ್ಲೇ ಸೇರುತ್ತದೆ. ಹಳೇ ಊರುಗಳು ಸುತ್ತಲಿನ ಹೊಲಕ್ಕಿಂತ ಎತ್ತರದಲ್ಲಿರುವುದು ಇದರಿಂದಲೇ. ಊರು ಬಿಟ್ಟುಹೋದ ಜಾಗದ ಹಾಳುಮಣ್ಣನ್ನು ರೈತರು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ಅದು ಒಳ್ಳೆ ಗೊಬ್ಬರ. ಅದರ ಜೊತೆಗೆ ಎಷ್ಟು ಇತಿಹಾಸ ಹೊಲಕ್ಕೆ ಹೋಯಿತೋ, ಆ ಮಾತು ಬೇರೆ.

ನಿಮ್ಮೂರಿಗೆ ಹೊಳೆಯೂ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಮೇಲೆ ನವಿಲುತೀರ್ಥದಲ್ಲಿ ಅಣೆಕಟ್ಟು ಇರುವ ಕಾಲದಲ್ಲೇ ಹೀಗೆ. ನೀರು ಇಳಿದ ಮೇಲೆ ನಿಮ್ಮ ಅಂಗಳದಲ್ಲಿ ಎಷ್ಟು ರಾಡಿ ಉಳಿದಿತ್ತು ನೆನಪಿದೆಯಾ? ನೀವು ಸಲಿಕೆ ಹಿಡಿದು ತೆಗೆದಿರಿ. ಪೂಜೆ ನಿಂತು, ಜನ ಬಿಟ್ಟುಹೋದ ಗುಡಿಯಲ್ಲಿ ತೆಗೆಯುವವರು ಯಾರು? ಒಂದು ನೆರೆ, ಇನ್ನೊಂದು ನೆರೆ, ನಡುವೆ ಕುಸಿದ ಮನೆಗಳು. ಹೀಗೇ ಬಾಗಿಲ ಎತ್ತರಕ್ಕೆ ಬರುತ್ತದೆ, ಆಮೇಲೆ ಮಾಳಿಗೆಯ ಎತ್ತರಕ್ಕೂ ಬರುತ್ತದೆ.

ಇದನ್ನು ನಂಬಲು ಕಷ್ಟವಾದರೆ ಕೂಡಲಸಂಗಮಕ್ಕೆ ಹೋಗಿ ಬನ್ನಿ, ನಿಮ್ಮ ತಾಲೂಕಿನದೇ. ಬಸವಣ್ಣನವರ ಐಕ್ಯಮಂಟಪಕ್ಕೆ ಇವತ್ತು ಬಾವಿಯೊಳಗೆ ಇಳಿದಂತೆ ಮೆಟ್ಟಿಲು ಇಳಿದು ಹೋಗಬೇಕು. ಸುತ್ತ ಕೃಷ್ಣೆ, ಮಲಪ್ರಭೆ ಕೂಡಿದ ನೀರು, ಒಳಗೆ ತಳದಲ್ಲಿ ಮಂಟಪ. ಏನೂ ಗೊತ್ತಿಲ್ಲದೆ ಬಂದವರು ಇದನ್ನು ನೀರಿನ ಕೆಳಗೆ ಕಟ್ಟಿದ ಗುಡಿ ಅಂತಲೇ ಹೇಳುತ್ತಾರೆ. ಆದರೆ ನಿಮ್ಮ ಅತ್ತೆಯವರ ವಯಸ್ಸಿನವರನ್ನು ಕೇಳಿ. ಅದು ಹೊಳೆ ದಂಡೆಯ ಮೇಲೆ, ಬಯಲಿನಲ್ಲಿ ಇತ್ತು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಹಿನ್ನೀರು ಏರಿತು. ಮಂಟಪವನ್ನು ಇದ್ದ ಜಾಗದಲ್ಲೇ ಉಳಿಸಬೇಕೆಂದು ಸುತ್ತ ಕಾಂಕ್ರೀಟಿನ ದುಂಡು ಗೋಡೆ ಎಬ್ಬಿಸಿದರು. ಮಂಟಪ ಒಂದು ಗೇಣೂ ಕೆಳಗಿಳಿದಿಲ್ಲ. ಅದು ಹೇಗಾಯಿತೆಂದು ಹೇಳುವ ಜನ ಇನ್ನೂ ಇದ್ದಾರೆ, ಅದಕ್ಕೇ ಅಲ್ಲಿ ಗುಪ್ತ ಗುಡಿಯ ಕತೆ ಹುಟ್ಟಿಲ್ಲ. ನಿಮ್ಮ ಹಿತ್ತಲಿನ ಗುಡಿ ಮುಚ್ಚಿಹೋದದ್ದನ್ನು ಕಂಡವರು ಯಾರೂ ಉಳಿದಿಲ್ಲ, ಅಲ್ಲಿ ಕತೆ ಹುಟ್ಟಿದೆ. ತಲಕಾಡಿನಲ್ಲಿ ಕಾವೇರಿಯ ಮರಳು ಇದೇ ಕೆಲಸ ಮಾಡಿದೆ. ಅಲ್ಲಿ ಪಾತಾಳೇಶ್ವರನ ದರ್ಶನಕ್ಕೆ ಮೆಟ್ಟಿಲು ಇಳಿಯಬೇಕು. ಹಂಪಿಯ ಪ್ರಸನ್ನ ವಿರೂಪಾಕ್ಷ ಗುಡಿಯ ಮಾಳಿಗೆ ಸುತ್ತಲಿನ ನೆಲದ ಮಟ್ಟಕ್ಕೆ ಬಂದಿದೆ, ಮಳೆಗಾಲದಲ್ಲಿ ಗರ್ಭಗುಡಿಯಲ್ಲಿ ನೀರು ನಿಂತಿರುತ್ತದೆ.

ಹಾಗಾದರೆ ನೆಲದೊಳಗೆ ಯಾರೂ ಏನೂ ಕಟ್ಟಲೇ ಇಲ್ಲವೇ? ಕಟ್ಟಿದ್ದಾರೆ. ಬಾದಾಮಿಯ ಮೇಣಬಸದಿಗಳನ್ನು ಗುಡ್ಡ ಕೊರೆದು ಮಾಡಿದ್ದಾರೆ, ಐಹೊಳೆಯ ರಾವಣಫಡಿಯೂ ಹಾಗೇ. ಅದು ಬೇರೆ ಜಾತಿ. ಕೊರೆದ ಗುಹೆಯಲ್ಲಿ ಕಂಬ, ಗೋಡೆ, ಚಾವಣಿ ಎಲ್ಲ ಒಂದೇ ಬಂಡೆ. ನಿಮ್ಮಲ್ಲಿ ಬಿಡಿ ಚಪ್ಪಡಿ, ಬಿಡಿ ಕಂಬ ಇವೆ. ಮಠಗಳಲ್ಲಿ ಗದ್ದುಗೆಯ ಕೆಳಗೆ ಸಮಾಧಿಯ ಗವಿ ಇರುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಜನ ನೋಡಿ ಬರುವ ಗೋರಿಗಳು ಮೇಲಿನ ಗುರುತು ಮಾತ್ರ, ನಿಜವಾದ ಗೋರಿಗಳು ನೆಲದ ಕೆಳಗಿನ ಕೋಣೆಯಲ್ಲಿವೆ. ಮೆಟ್ಟಿಲುಬಾವಿಗಳ ಗೋಡೆಯಲ್ಲಿ ಸಣ್ಣ ಗೂಡುಗುಡಿಗಳಿರುತ್ತವೆ, ಲಕ್ಕುಂಡಿಗೆ ಹೋದರೆ ಕಾಣುತ್ತವೆ. ಇವು ನಿಜಕ್ಕೂ ಕೆಳಗೇ ಕಟ್ಟಿದವು. ಇವಕ್ಕೆ ಯಾರೂ ಮಳೆಪಟ್ಟಿ ಹಾಕಿಲ್ಲ.

ಇನ್ನು ಸುರಂಗ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಸುರಂಗದ ಕತೆ ಇಲ್ಲದ ಹಳೇ ಊರು ನನಗೆ ಸಿಕ್ಕಿಲ್ಲ. ಎಲ್ಲವೂ ಬಾದಾಮಿಗೋ ವಿಜಯಪುರಕ್ಕೋ ಹೋಗುತ್ತವೆ, ಪಕ್ಕದ ಊರಿಗೆ ಹೋಗುವ ಸುರಂಗ ಒಂದೂ ಇಲ್ಲ! ಮೈಲುಗಟ್ಟಲೆ ಬಂಡೆ ಕೊರೆಯಬೇಕು, ಒಳಗೆ ಗಾಳಿ ಬೇಕು, ಹೊಳೆಯ ಕೆಳಗೆ ದಾಟಬೇಕು. ಇಷ್ಟೆಲ್ಲ ಯಾಕೆ ಮಾಡುತ್ತಾರೆ? ವಿಜಯಪುರದಲ್ಲಿ ಮಾತ್ರ ನೆಲದಡಿ ನಿಜವಾದ ಸುರಂಗಗಳಿವೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದ ಊರಿಗೆ ಕುಡಿಯುವ ನೀರು ತಂದ ಕಾಲುವೆಗಳವು, ನಡುನಡುವೆ ಬಾವಿಯಂಥ ತೂತುಗಳಿವೆ. ರಾಜರು ಓಡಿಹೋಗುವ ದಾರಿಯಲ್ಲ, ನೀರು ಬರುವ ದಾರಿ. ಈಗಿನ ನಲ್ಲಿ ವ್ಯವಸ್ಥೆಗಿಂತ ಅದೇ ಚೆನ್ನಾಗಿತ್ತು ಅನ್ನುವವರೂ ಇದ್ದಾರೆ.

ಹಳ್ಳಿಯಲ್ಲಿ ಗುಂಡಿ ತೋಡುವಾಗ ಪೊಳ್ಳು ಸಿಕ್ಕಿದರೆ ಹೆಚ್ಚಿನ ಸಲ ಅದು ಹಗೇವು. ನಿಮ್ಮ ಮನೆಯಲ್ಲೂ ಒಂದು ಇದ್ದಿರಬಹುದು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಅಗಲವಾದ ಹೊಟ್ಟೆ, ಗೋಡೆಗೆ ಕಣಿಕೆ ಒತ್ತಿ ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ನಿಮ್ಮದು ಹಗೇವು ಅಲ್ಲ, ಆನೆ ಕೆತ್ತಿದ ಹಗೇವು ಇರುವುದಿಲ್ಲ. ಆದರೂ ಅದರ ಮಾತು ಯಾಕೆ ತೆಗೆದೆ ಅಂದರೆ, ಹಗೇವು ತೆರೆದ ತಕ್ಷಣ ಹಿರಿಯರು ಯಾರನ್ನೂ ಇಳಿಸುತ್ತಿರಲಿಲ್ಲ. ಬಾಯಿ ತೆರೆದಿಟ್ಟು ಗಾಳಿ ಆಡಲು ಬಿಡುತ್ತಿದ್ದರು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಮುಚ್ಚಿದ ಜಾಗದಲ್ಲಿ ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತದೆ. ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ನಿಮ್ಮ ಕಿಂಡಿಗೂ ಅದೇ ಮಾತು. ದೀಪ ಆರಲಿಲ್ಲ ಎಂದು ಧೈರ್ಯ ಮಾಡಬೇಡಿ. ಅದರ ಮೇಲೆ ಆ ಚಪ್ಪಡಿಗಳು ಈಗ ಯಾವುದರ ಆಧಾರದಲ್ಲಿ ನಿಂತಿವೆ ಯಾರಿಗೆ ಗೊತ್ತು? ಒಳಗೆ ತುಂಬಿದ ಮಣ್ಣೇ ಕೆಲವು ಕಂಬಗಳನ್ನು ಹಿಡಿದು ನಿಲ್ಲಿಸಿರಬಹುದು. ಮಣ್ಣು ತೆಗೆದರೆ ಮಾಳಿಗೆ ತಲೆ ಮೇಲೆ ಬರುತ್ತದೆ.

ಮಗಳು ಓದಿದ ರೋಮ್ ಸುದ್ದಿ ನಿಜ. 2007ರ ಜನವರಿಯಲ್ಲಿ ಅದು ಹೊರಬಿತ್ತು. ಪ್ಯಾಲಟೈನ್ ಗುಡ್ಡದಲ್ಲಿ ಅಗಸ್ಟಸ್ ಚಕ್ರವರ್ತಿಯ ಮನೆಯ ದುರಸ್ತಿ ನಡೆದಿತ್ತು. ನೆಲ ಕೊರೆದು ನೋಡುವಾಗ ಸುಮಾರು 16 ಮೀಟರ್ ಆಳದಲ್ಲಿ ಪೊಳ್ಳು ಸಿಕ್ಕಿತು. ಅವರು ಒಡೆದು ಒಳಗೆ ನುಗ್ಗಲಿಲ್ಲ, ತೂತಿನಲ್ಲಿ ಕ್ಯಾಮೆರಾ ಇಳಿಬಿಟ್ಟರು. ಚಿಪ್ಪು, ಅಮೃತಶಿಲೆಯ ಚೂರುಗಳಿಂದ ಅಲಂಕರಿಸಿದ ಗುಮ್ಮಟ, ನಡುವೆ ಬಿಳಿ ಹದ್ದು ಕಂಡಿತು. ತೋಳ ಹಾಲೂಡಿಸಿ ಸಾಕಿತು ಎನ್ನುವ ರೊಮುಲಸ್, ರೆಮಸ್ ಎಂಬ ಅವಳಿ ಮಕ್ಕಳ ಕತೆ ಅಲ್ಲಿ ದೊಡ್ಡದು. ತೋಳ ಅವರನ್ನು ಸಾಕಿತು ಎನ್ನುವ ಗುಹೆಯನ್ನು ಲೂಪರ್ಕಾಲ್ ಎಂದು ರೋಮನ್ನರು ಪೂಜಿಸುತ್ತಿದ್ದರು. ಸಿಕ್ಕಿದ್ದು ಅದೇ ಎಂದು ಸುದ್ದಿ ಜಗತ್ತೆಲ್ಲ ಹಬ್ಬಿತು. ಕೂಡಲೇ ಬೇರೆ ವಿದ್ವಾಂಸರು, ಲೂಪರ್ಕಾಲ್ ಇದ್ದ ಜಾಗ ಇದಲ್ಲ, ಇದು ನೀರೋನ ಅರಮನೆಗೆ ಸೇರಿದ ಕೋಣೆ ಇರಬೇಕು ಎಂದರು. ನನಗೆ ಆ ಸಂದೇಹವೇ ಹೆಚ್ಚು ಸರಿ ಅನ್ನಿಸುತ್ತದೆ. ಅದೇ ಊರಿನಲ್ಲಿ ಸಂತ ಕ್ಲೆಮೆಂಟನ ಚರ್ಚು ಇನ್ನೂ ಸ್ವಾರಸ್ಯ. ಇವತ್ತು ಪ್ರಾರ್ಥನೆ ನಡೆಯುವುದು 12ನೇ ಶತಮಾನದ ಚರ್ಚಿನಲ್ಲಿ. ಅದರ ಕೆಳಗೆ 4ನೇ ಶತಮಾನದ ಚರ್ಚು, ಅದರ ಕೆಳಗೆ ಮಿತ್ರ ಎಂಬ ದೇವರ ಗುಡಿ. ಮಿತ್ರನ ಭಕ್ತರು ಗುಹೆಯಂಥ ಕತ್ತಲ ಕೋಣೆಯನ್ನು ಬೇಕೆಂದೇ ಮಾಡುತ್ತಿದ್ದರು. ಮೇಲಿನ ಹಳೇ ಚರ್ಚು ಮಾತ್ರ, ಅದರೊಳಗೆ ಕಲ್ಲುಮಣ್ಣು ತುಂಬಿ ಮೇಲೆ ಹೊಸ ಚರ್ಚು ಕಟ್ಟಿದ್ದರಿಂದ ಕೆಳಗಾದದ್ದು.

ಹೆಸರಿಡುವ ಅವಸರ ನಮ್ಮಲ್ಲೂ ಕಡಿಮೆಯಿಲ್ಲ. ಕಲ್ಲು ಕಂಡ ಸಂಜೆಗೇ ಅದು ಪಾಂಡವರು ಕಟ್ಟಿದ್ದು, ಜಕಣಾಚಾರಿ ಕೆತ್ತಿದ್ದು ಎಂದಾಗುತ್ತದೆ. ಐಹೊಳೆಯ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಎಷ್ಟೋ ಕಾಲದ ನಂತರ ಅಲ್ಲಿ ವಾಸವಿದ್ದ ಒಬ್ಬರಿಂದ. ದುರ್ಗದ ಗುಡಿಯನ್ನು ದುರ್ಗೆಯ ಗುಡಿ ಎಂದುಕೊಂಡು ಕೈಮುಗಿಯುವವರಿದ್ದಾರೆ, ಅಲ್ಲಿಯ ಶಾಸನ ಹೇಳುವುದು ಆದಿತ್ಯನ ಹೆಸರು. ನಿಮ್ಮ ಗುಡಿಗೂ ಈಗಲೇ ಲಕ್ಷ್ಮೀಗುಡಿ ಎಂದು ಫ್ಲೆಕ್ಸ್ ಹಾಕಬೇಡಿ. ಬಾಗಿಲ ಮೇಲೆ ಗಜಲಕ್ಷ್ಮಿ ಇದ್ದ ಮಾತ್ರಕ್ಕೆ ಒಳಗಿನ ದೇವರು ಲಕ್ಷ್ಮಿ ಆಗಬೇಕಿಲ್ಲ. ಶಿವನ ಗುಡಿಯ ಬಾಗಿಲಿಗೂ, ಬಸದಿಯ ಬಾಗಿಲಿಗೂ ಅವಳು ಬರುತ್ತಾಳೆ. ಐಹೊಳೆಯ ಗೌಡರ ಗುಡಿಯ ಬಾಗಿಲ ಮೇಲೂ ಇದ್ದಾಳೆ. ಒಳಗಿನ ದೇವರು ಯಾರೆಂದು ಹೇಳುವುದು ಪೀಠ, ಅದರ ಎದುರು ಕೂತ ವಾಹನ, ಇದ್ದರೆ ಶಾಸನ.

ಎಷ್ಟು ಹಳೆಯದು ಅಂತ ಕೇಳಿದ್ದೀರಿ. ಫೋಟೊದಲ್ಲಿ ಕಲ್ಲು ಕೆಂಪು ಮರಳುಗಲ್ಲು. ಕಂಬದ ತಲೆ ದಪ್ಪ, ಚೌಕ, ಕುಸುರಿ ಕಡಿಮೆ. ಮಾಳಿಗೆಗೆ ಪಟ್ಟಿ ಇದೆ. ಈ ಮೂರೂ ಬಾದಾಮಿ ಚಾಲುಕ್ಯರ ಕಾಲದ ಕೆಲಸಕ್ಕೆ ಹೊಂದುತ್ತವೆ, ಅಂದರೆ 6ರಿಂದ 8ನೇ ಶತಮಾನ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಂದರೆ ಬಳಪದಂಥ ಮೆತ್ತನೆ ಕಲ್ಲು, ಕಡೆದಂತೆ ನುಣುಪಾದ ಕಂಬಗಳು ಜಾಸ್ತಿ. ಆದರೆ ಹಳೇ ಗುಡಿಯ ಕಂಬ ತಂದು ಹೊಸ ಗುಡಿಗೆ ನಿಲ್ಲಿಸುವುದು ನಮ್ಮಲ್ಲಿ ಮಾಮೂಲು. ಅದಕ್ಕೇ ಬರೀ ಫೋಟೊ ನೋಡಿ ಇಸವಿ ಹೇಳುವವರನ್ನು ನಂಬಬೇಡಿ, ನಾನು ಹೇಳಿದರೂ ಅಷ್ಟೇ. ಬಾದಾಮಿಯ ಮೂರನೇ ಗುಹೆ 578ನೇ ಇಸವಿಯದು ಎಂದು ಇಷ್ಟು ಖಚಿತವಾಗಿ ಹೇಳುತ್ತೇವಲ್ಲ, ಅಲ್ಲಿ ಮಂಗಳೇಶನ ಶಾಸನ ಶಕ ವರ್ಷ 500 ಎಂದು ಬರೆದಿಟ್ಟಿದೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಶಾಸನ ಇದೆ, ಅದು ಶಕ 556, ನಮ್ಮ ಲೆಕ್ಕದಲ್ಲಿ 634. ಅಂಥ ಬರಹ ಇಲ್ಲದಿದ್ದಾಗ ದಾರಿ ತೋರಿಸುವುದು ಮಣ್ಣು.

ನೀವು ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದೇ. ಕಲ್ಲು ಎಲ್ಲೂ ಹೋಗುವುದಿಲ್ಲ. ಅದರ ಸುತ್ತ ಇರುವ ಮಣ್ಣು ಒಂದು ಸಲ ಹೋದರೆ ಮುಗಿಯಿತು. ಗುಡಿಯ ನೆಲಹಾಸಿನ ಮೇಲೆ ನೇರವಾಗಿ ಹೊಳೆಯ ನುಣ್ಣನೆಯ ರೇವೆ ಕೂತಿದ್ದರೆ, ಪೂಜೆ ನಿಂತ ಸ್ವಲ್ಪ ದಿನಕ್ಕೇ ನೆರೆ ಬಂದಿದೆ ಎಂದರ್ಥ. ಮೊದಲು ಬೂದಿ, ಗಡಿಗೆ ಚೂರು, ದನದ ಎಲುಬು ಸಿಕ್ಕರೆ, ಗುಡಿ ಬಿಟ್ಟ ಮೇಲೆ ಅಲ್ಲಿ ಯಾರೋ ಒಲೆ ಹೂಡಿ ಸಂಸಾರ ಮಾಡಿದ್ದಾರೆ. ಐಹೊಳೆಯಲ್ಲಿ ಇತ್ತೀಚಿನವರೆಗೂ ಜನ ಗುಡಿಗಳಲ್ಲಿ ವಾಸವಿದ್ದರಲ್ಲ, ಹಾಗೆ. ಒಂದೇ ಬಗೆಯ ಮಣ್ಣು, ಪದರವೇ ಇಲ್ಲದೆ, ತಳದಿಂದ ಮಾಳಿಗೆವರೆಗೆ ತುಂಬಿದ್ದರೆ ಆಗ ಮಾತ್ರ ಬೇಕೆಂದೇ ಮುಚ್ಚಿದರಾ ಎಂದು ಕೇಳಬೇಕು. ಪದರದಲ್ಲಿ ಇದ್ದಿಲು ಸಿಕ್ಕರೆ ಅದರ ಕಾಲವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಕಲ್ಲನ್ನು ಹಾಗೆ ಅಳೆಯಲು ಬರುವುದಿಲ್ಲ. ಯಾವ ಪದರದಲ್ಲಿ ಯಾವ ಗಡಿಗೆ ಚೂರು, ಯಾವ ನಾಣ್ಯ ಎಂಬುದೇ ಲೆಕ್ಕ. ಜೆಸಿಬಿ ಇದನ್ನೆಲ್ಲ ಕಲಸಿ ಟ್ರ್ಯಾಕ್ಟರಿಗೆ ತುಂಬುತ್ತದೆ. ಆಮೇಲೆ ಕೈಯಲ್ಲಿ ಉಳಿಯುವುದು ತೊಳೆದ ಕಲ್ಲು, ಮತ್ತು ನೂರು ಊಹೆ.

ಗುಡಿಯ ಕೆಳಗೆ ಇನ್ನೊಂದು ಇರಬಹುದು ಎಂಬುದನ್ನೂ ಮರೆಯಬೇಡಿ. ಐಹೊಳೆಯ ಅಂಬಿಗೇರ ಗುಡಿಯ ಹತ್ತಿರ ಪುರಾತತ್ವಜ್ಞ ಎಸ್. ಆರ್. ರಾವ್ ಅಗೆಸಿದಾಗ ಕಲ್ಲಿನ ಗುಡಿಗಿಂತ ಎಷ್ಟೋ ಹಳೆಯದಾದ, ಕ್ರಿಸ್ತಶಕದ ಮೊದಲ ಮೂರು ಶತಮಾನಗಳ ಕಾಲದ ಇಟ್ಟಿಗೆ ಕಟ್ಟಡ ಸಿಕ್ಕಿತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಮುರಿಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲು ನೋಡಿದರೆ ಅಶೋಕನ ಶಾಸನ! ಎಷ್ಟು ತಲೆಮಾರು ಅದರ ಮೇಲೆ ಎಣ್ಣೆ, ಹಾಲು ಹರಿದಿತ್ತೋ. ಅದಕ್ಕೇ ನಿಮ್ಮ ಗುಂಡಿಯಿಂದ ಈಗಾಗಲೇ ತೆಗೆದ ಮಣ್ಣನ್ನು ಎಲ್ಲೂ ಸಾಗಿಸಬೇಡಿ. ಅಲ್ಲೇ ಪಕ್ಕದಲ್ಲಿ ತಾಡಪಾಲು ಹೊದಿಸಿ ಇಡಿ. ಅದರಲ್ಲಿ ಈಗಿನ ಇಟ್ಟಿಗೆಗಿಂತ ಬಹಳ ದೊಡ್ಡದಾದ ಇಟ್ಟಿಗೆ ತುಂಡು ಕಂಡರೆ ಎತ್ತಿಡಿ, ಮನೆ ಕಟ್ಟೆಗೆ ಹಾಕಿಬಿಡಬೇಡಿ.

ಕಿಂಡಿಯನ್ನು ದೊಡ್ಡದು ಮಾಡದೆ ಒಂದು ಹಲಗೆ ಇಟ್ಟು ಮುಚ್ಚಿ, ಸುತ್ತ ಮುಳ್ಳು ಹಾಕಿ, ಮಕ್ಕಳು ದನ ಬೀಳದ ಹಾಗೆ. ಮೇಲಿನ ಚಪ್ಪಡಿಗಳಿಗೆ ಗೋಣಿಚೀಲ ಹೊದಿಸಿ ಸ್ವಲ್ಪ ಮಣ್ಣು ಎಳೆದುಬಿಡಿ. ಹೊರಗೆ ತೆಗೆದ ತಕ್ಷಣ ಬಿಸಿಲು ತಾಗಿದರೆ ಮರಳುಗಲ್ಲಿಗೆ ಒಳ್ಳೆಯದಲ್ಲ. ಅದರೊಳಗಿನ ತೇವ ಆರುವಾಗ ಉಪ್ಪು ಹೊರಮೈಗೆ ಬಂದು ಕೂರುತ್ತದೆ, ಕೆತ್ತನೆಯ ಮೇಲ್ಪದರ ಹಪ್ಪಳದಂತೆ ಏಳುತ್ತದೆ. ತಂತಿ ಬ್ರಷ್, ಆ್ಯಸಿಡ್, ಸೋಪಿನ ಪುಡಿ ಯಾವುದೂ ಬೇಡ. ಚೆನ್ನಾಗಿ ಕಾಣಲಿ ಎಂದು ಆಯಿಲ್ ಪೇಂಟ್ ಬಳಿದ ವೀರಗಲ್ಲುಗಳನ್ನು ಈ ಭಾಗದಲ್ಲಿ ಎಷ್ಟು ನೋಡಿದ್ದೇನೋ. ಅಕ್ಷರ ಇದ್ದ ಕಡೆಯೂ ಬಣ್ಣ ತುಂಬಿ ಓದಲು ಬರದಂತಾಗಿರುತ್ತವೆ.

ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಆದರೆ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ನಿಧಿಗಳ್ಳರು ಓದುವುದು ಅದನ್ನೇ. ನಂದಿಯ ಹೊಟ್ಟೆ ಒಡೆದದ್ದು, ಲಿಂಗ ಕಿತ್ತು ಗುಂಡಿ ತೋಡಿದ್ದು ನಮ್ಮ ಕಡೆ ಪಾಳುಗುಡಿಗಳಲ್ಲಿ ಮಾಮೂಲು ದೃಶ್ಯ. ಗುಡಿಯ ಬುಡದಲ್ಲಿ ಹೊನ್ನಿನ ಕೊಡ ಇದೆ ಎಂಬ ಆಸೆಗೆ ಎಷ್ಟು ಗರ್ಭಗುಡಿಗಳು ಹಾಳಾದವೋ.

ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಒಂದೊಂದು ಅರ್ಜಿ ಬರೆದು ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಪುರಾತತ್ವ ಇಲಾಖೆಗೆ ಪ್ರತಿ ಕಳಿಸಿ. ನಮ್ಮ ಜಿಲ್ಲೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವೃತ್ತ ಇದೆ, ರಾಜ್ಯದ ಪುರಾತತ್ವ ಇಲಾಖೆ ಬೇರೆ ಇದೆ. ಐಹೊಳೆಯ ವಸ್ತುಸಂಗ್ರಹಾಲಯದಲ್ಲಿ ಕೇಳಿದರೆ ಯಾರಿಗೆ ಬರೆಯಬೇಕೆಂದು ಹೇಳುತ್ತಾರೆ. ಅಧಿಕಾರಿಗಳು ಬಂದಾಗ ಪಂಚನಾಮೆ ಮಾಡಿಸಿ, ಸಿಕ್ಕ ವಸ್ತುಗಳ ಪಟ್ಟಿಯ ಒಂದು ಪ್ರತಿ ನೀವೂ ಇಟ್ಟುಕೊಳ್ಳಿ. ಒಯ್ದ ಮೇಲೆ ಎಲ್ಲಿಟ್ಟರು ಎಂದು ಕೇಳುವ ಹಕ್ಕು ನಿಮಗಿದೆ, ಕೇಳುತ್ತಲೇ ಇರಿ. ನಾಣ್ಯ, ಒಡವೆ, ಲೋಹದ ಮೂರ್ತಿ ಏನಾದರೂ ಸಿಕ್ಕರೆ ಮುಚ್ಚಿಡಬೇಡಿ. ನಿಧಿ ಕಾಯ್ದೆಯಲ್ಲಿ ಬೆಲೆಯುಳ್ಳ ವಸ್ತು ಮಣ್ಣಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದಿದೆ. ಮುಚ್ಚಿಟ್ಟರೆ ಶಿಕ್ಷೆ ಉಂಟು. ಹಳೇ ಮೂರ್ತಿಗಳ ಮಾರಾಟ, ಸಾಗಾಟಕ್ಕೆ 1972ರ ಕಾಯ್ದೆ ಬೇರೆ ಇದೆ. ಮೂರ್ತಿಗೆ ಇಷ್ಟು ಕೊಡುತ್ತೇನೆ ಎಂದು ಯಾರಾದರೂ ಮನೆಗೆ ಬಂದರೆ ಬಾಗಿಲು ಹಾಕಿಕೊಳ್ಳಿ.

ಯಜಮಾನರ ಭಯದ ಮಾತು. ಕಲ್ಲು ಸಿಕ್ಕಿದ ದಿನವೇ ಸರ್ಕಾರ ಮನೆ ತಗೊಳ್ಳುವುದಿಲ್ಲ, ಹಾಗೆ ಕಾನೂನೂ ಇಲ್ಲ. ಒಂದು ಗುಡಿಯನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸುವ ಮೊದಲು 1958ರ ಕಾಯ್ದೆಯಂತೆ ಎರಡು ತಿಂಗಳ ನೋಟಿಸು ಹೊರಡಿಸಬೇಕು. ಆ ಎರಡು ತಿಂಗಳಲ್ಲಿ ನೀವು ತಕರಾರು ಹಾಕಬಹುದು. ರಾಜ್ಯಕ್ಕೆ 1961ರ ತನ್ನದೇ ಕಾಯ್ದೆ ಇದೆ. ಎಷ್ಟೋ ಕಡೆ ಇಲಾಖೆಯವರು ನೋಡಿ, ಅಳತೆ ತಗೊಂಡು, ಫೋಟೊ ಹೊಡೆದು, ಮತ್ತೆ ಮಣ್ಣು ಮುಚ್ಚಿ ಹೋಗುತ್ತಾರೆ. ಮಣ್ಣೊಳಗೆ ಕಲ್ಲು ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ನಾಳೆ ನಿಜಕ್ಕೂ ಸ್ಮಾರಕವಾದರೆ ತೊಂದರೆ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. 2010ರ ತಿದ್ದುಪಡಿಯ ನಂತರ ಕೇಂದ್ರ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಐಹೊಳೆಯ ಜನ ಇದನ್ನು ದಿನಾ ಅನುಭವಿಸುತ್ತಿದ್ದಾರೆ. ಪರಂಪರೆ ಉಳಿಸಿ ಎಂದು ಭಾಷಣ ಮಾಡುವವರು ಯಾರೂ ಸೋರುವ ಮಾಳಿಗೆಯ ಕೆಳಗೆ ಮಲಗುವುದಿಲ್ಲ. ಅದಕ್ಕೇ ಬಾಯಿಮಾತಿನಲ್ಲಿ ಬಿಡದೆ ಎಲ್ಲವನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ. ಮನೆಯ ಉತಾರ (ಆಸ್ತಿಯ ದಾಖಲೆ), ತೆರಿಗೆ ರಸೀದಿ ಒಂದು ಕಡೆ ಸೇರಿಸಿಡಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಗುಂಡಿಯಿಂದ ದೂರ, ಹಿತ್ತಲ ಕಟ್ಟೆಯ ಮೇಲೆ ದೀಪ ಹಚ್ಚಿದರೆ ಯಾರ ಅಡ್ಡಿಯೂ ಇಲ್ಲ. ಕಲ್ಲಿಗೆ ಎಣ್ಣೆ, ಅರಿಶಿನ, ಕುಂಕುಮ ಮಾತ್ರ ಬೇಡ. ಮರಳುಗಲ್ಲು ಎಣ್ಣೆ ಹೀರಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಒಳಗಿರುವುದು ಬಸದಿಯೋ ಶಿವನ ಗುಡಿಯೋ ಗೊತ್ತಾಗುವ ಮೊದಲೇ ಅಭಿಷೇಕ ಶುರುವಾದರೆ ಊರಲ್ಲಿ ಎರಡು ಗುಂಪಾಗುವುದಕ್ಕೆ ಹೊತ್ತು ಬೇಕಿಲ್ಲ, ಅದನ್ನೂ ಅವರ ಕಿವಿಗೆ ಹಾಕಿ.

ಶೌಚಾಲಯ ನಿಲ್ಲಿಸಬೇಡಿ, ಜಾಗ ಬದಲಿಸಿ. ಮಾಳಿಗೆಯ ಚಪ್ಪಡಿ ಸಿಕ್ಕ ಕಡೆ ಒಂದು ಮಂಟಪವಾದರೂ ಸುತ್ತ ಹರಡಿರುತ್ತದೆ. ಹೊಸ ಗುಂಡಿಯ ಜಾಗವನ್ನು ಇಲಾಖೆಯವರು ಬಂದಾಗ ಅವರ ಎದುರೇ ಗುರುತು ಮಾಡಿಸಿ, ಅದನ್ನೂ ಪಂಚನಾಮೆಯಲ್ಲಿ ಬರೆಸಿ. ಸಾಧ್ಯವಾದರೆ ಮನೆಯ ಇನ್ನೊಂದು ಮಗ್ಗುಲಿಗೆ ತೆಗೆಯಿರಿ. ಮೇಲಿನ ಗುಂಡಿಯ ನೀರು ಇಂಗಿ ಗುಡಿಯೊಳಗೆ ಇಳಿದರೆ ಆ ಮರಳುಗಲ್ಲು ಉಳಿಯುವುದಿಲ್ಲ.